ಡಿಸ್ಚಾರ್ಜ್ ಕಾರ್ಡಿನಲ್ಲಿ ಇಲ್ಲದ ಸಿಟ್ಟು

ಮುಧೋಳ ಕಡೆಯ ಹಳ್ಳಿಗಳಲ್ಲಿ ಒಂದು ಕೊಲೆಯಾದರೆ ಕಾರಣಕ್ಕೆ ಯಾರೂ ತಡಕಾಡುವುದಿಲ್ಲ. ಹೊಲದ ಬಾಂದು, ನೀರಿನ ಪಾಳಿ, ಕುಡಿತ, ಹೆಣ್ಣು. ಇವುಗಳಲ್ಲಿ ಒಂದನ್ನು ಹೇಳಿದರೆ ಸಾಕು, ಕಟ್ಟೆಯ ಮೇಲೆ ಕೂತವರು ತಲೆಯಾಡಿಸಿ ಬೇರೆ ಮಾತಿಗೆ ಹೋಗುತ್ತಾರೆ. ನಮ್ಮೂರಿನ ಕೊಲೆಗೂ ಹಾಗೇ ಆಯಿತು. ರಾತ್ರಿ ಹೊತ್ತು, ಕಾಲುವೆ ನೀರಿನ ಪಾಳಿ. ಮಡಿ ಒಡೆದೆ, ಇಲ್ಲ ಒಡೆದಿಲ್ಲ ಅಂತ ಮಾತು ಬೆಳೆಯಿತು. ದಾಯಾದಿ ಅಣ್ಣ ಕೈಯಲ್ಲಿದ್ದ ಸಲಿಕೆಯಿಂದ ತಮ್ಮನ ತಲೆಗೆ ಹೊಡೆದ. ಅವನು ಬಿದ್ದ ಮೇಲೂ ಹೊಡೆದ. ಆಮೇಲೆ ಪೊಲೀಸರು ಬರುವ ತನಕ ಅಲ್ಲೇ ಬದುವಿನ ಮೇಲೆ ಕೂತಿದ್ದ. ಜೀವಾವಧಿ ಶಿಕ್ಷೆಯಾಗಿ ಈಗ ಹಿಂಡಲಗಾ ಜೈಲಿನಲ್ಲಿದ್ದಾನೆ. ಎರಡೂ ಮನೆಯವರು ಇನ್ನೂ ಒಂದೇ ಓಣಿಯಲ್ಲಿ ಬಾಳುತ್ತಿದ್ದಾರೆ. ಅದಕ್ಕೇ ಊರಿನ ಹೆಸರು ಬರೆಯುತ್ತಿಲ್ಲ, ಒಂದೆರಡು ವಿವರ ಬದಲಿಸಿದ್ದೇನೆ.

ನನ್ನನ್ನು ಕಾಡುವುದು ನೀರಿನ ಪಾಳಿ ಅಲ್ಲ. ಆ ಪಾಳಿಯ ಜಗಳ ಅವರಪ್ಪಂದಿರ ಕಾಲದಿಂದಲೂ ಇತ್ತು. ಆಗ ಬೈಗುಳ ಆಗುತ್ತಿತ್ತು, ಮಾತು ಬಿಡುತ್ತಿದ್ದರು, ಮದುವೆ ಬಂದರೆ ಮತ್ತೆ ಕೂಡುತ್ತಿದ್ದರು. ಹೊಡೆದವನು ಕೈ ಎತ್ತುವ ಮನುಷ್ಯನೂ ಅಲ್ಲ. ಜಾತ್ರೆಯಲ್ಲಿ ಹುಡುಗರು ಬಡಿದಾಡಿದರೆ ಬಿಡಿಸಲು ಕರೆಯುತ್ತಿದ್ದುದೇ ಅವನನ್ನು. ಕೊಲೆಗೆ ಎರಡು ಹಂಗಾಮು ಮೊದಲು, ರಾತ್ರಿ ಬೈಕಿನಲ್ಲಿ ಬರುವಾಗ, ರಸ್ತೆ ಬದಿಗೆ ನಿಂತಿದ್ದ ಕಬ್ಬಿನ ಟ್ರೇಲರಿಗೆ ಗುದ್ದಿದ್ದ. ಟ್ರೇಲರಿಗೆ ಹಿಂದೆ ದೀಪ ಇರಲಿಲ್ಲ, ರೇಡಿಯಂ ಪಟ್ಟಿಯೂ ಇರಲಿಲ್ಲ. ಇವನ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ದೊಡ್ಡ ಊರಿನ ಆಸ್ಪತ್ರೆಗೆ ಒಯ್ದರು. ಕೆಲವು ದಿನ ಎಚ್ಚರವೇ ಇರಲಿಲ್ಲ. ಆಮೇಲೆ ಕಣ್ಣು ಬಿಟ್ಟ, ಮಾತಾಡಿದ, ನಡೆದ. ಊರಿಗೆ ಬಂದಾಗ ಹೊಸ ಜನ್ಮ ಅಂತ ಸಕ್ಕರೆ ಹಂಚಿದರು.

ಬಂದವನು ಅವನಲ್ಲ ಅಂತ ಮೊದಲು ಹೇಳಿದವಳು ಅವನ ಹೆಂಡತಿ. ರೊಟ್ಟಿ ತಣ್ಣಗಿದೆ ಅಂತ ತಟ್ಟೆ ಬೀಸಿ ಒಗೆದಿದ್ದ. ಎತ್ತು ತುಸು ಅಡ್ಡ ಸರಿದದ್ದಕ್ಕೆ ಕಬ್ಬಿಣದ ಸಲಾಕೆಯಿಂದ ಬಡಿದಿದ್ದ. ಹತ್ತಿರದ ಸಂಬಂಧಿಯ ಮಣ್ಣಿಗೆ ಹೋಗಿ ಅಲ್ಲಿ ಜೋರಾಗಿ ನಕ್ಕಿದ್ದ. ರಾತ್ರಿ ನಿದ್ದೆ ಇಲ್ಲ. ಇನ್ನೊಂದು ಸಣ್ಣ ಸಂಗತಿ ಇತ್ತು, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವನಿಗೆ ವಾಸನೆ ಬರುವುದು ನಿಂತಿತ್ತು. ಒಲೆಯ ಮೇಲೆ ಹಾಲು ಹೊತ್ತಿ ಮನೆಯೆಲ್ಲ ಕಮಟಾಗಿದ್ದರೂ ಪಕ್ಕದಲ್ಲೇ ಕೂತಿದ್ದವನಿಗೆ ಗೊತ್ತಾಗಿರಲಿಲ್ಲ. “ಬ್ಯಾರೇನೇ ಆಗ್ಯಾರ್ರಿ ಅವ್ರು” ಅಂತ ಅವಳು ಬಾವಿಯ ಹತ್ತಿರ ಹೇಳಿಕೊಂಡಿದ್ದಳಂತೆ. ಗುಡಿಯಲ್ಲಿ ನೋಟ ನೋಡಿಸಿದರು, ತಾಯತ ಕಟ್ಟಿಸಿದರು. ಅವನು ಕುಡಿಯಲು ಶುರು ಮಾಡಿದ ಮೇಲೆ ಎಲ್ಲಕ್ಕೂ ಕುಡಿತವೇ ಕಾರಣ ಅಂತಾಯಿತು. ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡನ್ನು ನಾನು ನೋಡಿದ್ದೇನೆ. ಫಿಟ್ಸ್ ಬಾರದಂತೆ ಮಾತ್ರೆ, ನೋವಿನ ಮಾತ್ರೆ, ಹೊಲಿಗೆ ಬಿಚ್ಚಿಸಲು ಬರಬೇಕಾದ ದಿನ. ಸಿಟ್ಟಿನ ಬಗ್ಗೆ, ನಿದ್ದೆಯ ಬಗ್ಗೆ, ಮನುಷ್ಯ ಬದಲಾಗಬಹುದು ಅನ್ನುವುದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಕಣ್ಣಿನ ಮೇಲಿನ ಮೂಳೆ

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನು. ಮೆದುಳಿನ ಪಾಠ ಪ್ರತಿ ವರ್ಷ ಬರುತ್ತದೆ. ಚಿತ್ರ ಬರೆದು, ಭಾಗಗಳಿಗೆ ಹೆಸರು ಹಾಕಿ, ಪರೀಕ್ಷೆಗೆ ಬರುವುದನ್ನು ಹೇಳಿ ಮುಗಿಸಬಹುದು. ಈ ಘಟನೆ ಆದಮೇಲೆ ಹಾಗೆ ಮುಗಿಸಲು ಮನಸ್ಸು ಒಪ್ಪಲಿಲ್ಲ. ಸಿಕ್ಕಿದ್ದನ್ನೆಲ್ಲ ಓದತೊಡಗಿದೆ.

ಮೆದುಳು ಬಹಳ ಮೆತ್ತಗಿರುತ್ತದೆ. ಓಡುವ ಗಾಡಿಯಲ್ಲಿ ಮೊಸರಿನ ಗಡಿಗೆ ಇಟ್ಟು ಗಕ್ಕನೆ ಬ್ರೇಕ್ ಹಾಕಿದರೆ ಗಡಿಗೆ ನಿಲ್ಲುತ್ತದೆ, ಮೊಸರು ನಿಲ್ಲುವುದಿಲ್ಲ. ತಲೆಬುರುಡೆಯ ಒಳಗೂ ಅದೇ ಆಗುತ್ತದೆ. ಬುರುಡೆಯ ಮೇಲ್ಭಾಗ ಒಳಗಡೆ ನುಣುಪಾಗಿದೆ. ಆದರೆ ಕಣ್ಣಿನ ಗೂಡಿನ ಮೇಲಿನ ಮೂಳೆ ಏರುತಗ್ಗಾಗಿ, ಒರಟಾಗಿದೆ. ಮೆದುಳಿನ ಮುಂಭಾಗದ ಅಡಿ ಕೂತಿರುವುದೇ ಅದರ ಮೇಲೆ. ತಲೆ ಗಕ್ಕನೆ ನಿಂತಾಗ ಮೆದುಳು ಆ ಒರಟಿನ ಮೇಲೆ ಜಾರಿ ತರಚುತ್ತದೆ. ಪೆಟ್ಟು ಹಿಂದಲೆಗೆ ಬಿದ್ದರೂ ಗಾಯ ಮುಂದೆ ಆಗುವುದು ಇದೇ ಕಾರಣಕ್ಕೆ. ಕಿವಿಯ ಹತ್ತಿರದ ಭಾಗದ ತುದಿಯೂ ಹೀಗೇ ಮೂಳೆಗೆ ಬಡಿಯುತ್ತದೆ. ಆ ಭಾಗದ ಒಳಗೆ ಅಮಿಗ್ಡಲಾ ಇದೆ. ಅಪಾಯ ಬಂತು ಅಂತ ಮೈಯನ್ನು ಎಬ್ಬಿಸುವುದರಲ್ಲಿ ಅದರ ಪಾಲು ದೊಡ್ಡದು. ಅದು ಎಬ್ಬಿಸಿದ್ದನ್ನು ತಡೆದು, ಇದು ಅಷ್ಟು ದೊಡ್ಡ ವಿಷಯವಲ್ಲ, ಹೊಡೆದರೆ ನಾಳೆ ಏನಾಗುತ್ತದೆ ನೋಡು ಅಂತ ತೂಗುವ ಕೆಲಸ ಹೆಚ್ಚಾಗಿ ಮುಂಭಾಗದ್ದು. ಅಪಘಾತದಲ್ಲಿ ಎರಡೂ ಜಾಗ ಒಟ್ಟಿಗೇ ಕೆಡಬಹುದು.

ವಾಸನೆಯ ನರಗಳು ಮೂಗಿನಿಂದ ಮೇಲೇರಿ ಮೆದುಳು ಸೇರುವುದು ಸರಿಯಾಗಿ ಆ ಮುಂಭಾಗದ ಅಡಿಯಲ್ಲೇ. ಎಳೆಯಷ್ಟು ಸಣ್ಣ ನರಗಳು, ಮೆದುಳು ಜಾರಿದಾಗ ಹರಿದುಹೋಗುತ್ತವೆ. ತಲೆಗೆ ಪೆಟ್ಟಾದವನು ವಾಸನೆ ಬರುತ್ತಿಲ್ಲ ಅಂದರೆ, ಅದರ ಪಕ್ಕದಲ್ಲೇ ಇರುವ, ನಡತೆಯನ್ನು ಹಿಡಿದಿಡುವ ಭಾಗಕ್ಕೂ ಪೆಟ್ಟಾಗಿರಬಹುದು ಅಂತ ನರರೋಗದ ವೈದ್ಯರು ಯೋಚಿಸುತ್ತಾರೆ. ಹೊತ್ತಿದ ಹಾಲಿನ ಸುದ್ದಿ ಇದನ್ನು ಓದಿದ ದಿನ ನನಗೆ ನೆನಪಾಯಿತು. ಆ ಮನೆಯಲ್ಲಿ ಲಕ್ಷಣ ಎದ್ದು ಕಾಣುತ್ತಿತ್ತು. ಅದು ಲಕ್ಷಣ ಅಂತ ಹೇಳುವವರು ಇರಲಿಲ್ಲ.

ಇಲ್ಲಿ ಬಹಳ ಹುಷಾರಾಗಿ ಮಾತಾಡಬೇಕು. ತಲೆಗೆ ಪೆಟ್ಟು ಬಿದ್ದವರೆಲ್ಲ ಕೊಲೆಗಾರರಾಗುವುದಿಲ್ಲ. ಆಕ್ಸ್‌ಫರ್ಡ್‌ನ ಸೀನಾ ಫಝೆಲ್ ಮತ್ತು ಜೊತೆಗಾರರು 2011ರಲ್ಲಿ ಸ್ವೀಡನ್ನಿನ ದಾಖಲೆಗಳ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. 1973ರಿಂದ 2009ರ ತನಕದ ದಾಖಲೆ. ಮೆದುಳಿಗೆ ಪೆಟ್ಟಾಗಿದ್ದ 22,914 ಜನರಲ್ಲಿ ಶೇಕಡಾ 8.8ರಷ್ಟು ಜನ ಆಮೇಲೆ ಹಿಂಸೆಯ ಅಪರಾಧ ಮಾಡಿದ್ದರು. ಪೆಟ್ಟಾಗದ ಸಾಮಾನ್ಯರಲ್ಲಿ ಅದು ಶೇಕಡಾ 3. ಬಡತನ, ಮನೆಯ ವಾತಾವರಣ ಇವುಗಳಿಂದ ಈ ವ್ಯತ್ಯಾಸ ಬಂದಿರಬಹುದಲ್ವಾ ಅಂತ ಅವರ ಒಡಹುಟ್ಟಿದವರ ಜೊತೆಗೇ ಹೋಲಿಸಿದರು. ಆಗಲೂ ಸುಮಾರು ಎರಡು ಪಟ್ಟು ಉಳಿಯಿತು. ಅಂದರೆ ಪೆಟ್ಟಿಗೂ ಹಿಂಸೆಗೂ ನಂಟಿದೆ. ಅದೇ ಲೆಕ್ಕದಲ್ಲಿ, ಪೆಟ್ಟಾದ ನೂರು ಜನರಲ್ಲಿ ತೊಂಬತ್ತೊಂದು ಜನ ಅಂಥದ್ದೇನೂ ಮಾಡಲಿಲ್ಲ. ಈ ಎರಡು ಸಂಖ್ಯೆಗಳನ್ನು ಜೊತೆಗಿಟ್ಟೇ ಓದಬೇಕು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಯಾರಿಗಾದರೂ ಅನ್ಯಾಯ ಆಗುತ್ತದೆ.

ವಿಯೆಟ್ನಾಂ ಯುದ್ಧದಲ್ಲಿ ತಲೆಗೆ ಗಾಯವಾದ ಅಮೆರಿಕದ ಸೈನಿಕರ ಮೇಲೆ ಜೋರ್ಡನ್ ಗ್ರಾಫ್‌ಮನ್ ತಂಡ 1996ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಮುಂಭಾಗದ ಒಳ-ಅಡಿಯಲ್ಲಿ ಗಾಯವಾದವರಲ್ಲಿ ಆಕ್ರಮಣದ ನಡತೆ ಜಾಸ್ತಿ ಇತ್ತು. ಆದರೆ ಬಹುಪಾಲು ಬೈಗುಳ, ಕೂಗಾಟ, ಬೆದರಿಕೆ. ಕೈ ಮಾಡುವ ತನಕ ಹೋದದ್ದು ಕಡಿಮೆ. ಕೂಗಾಟವೇ ಮನೆಯನ್ನು ಹಾಳು ಮಾಡಲು ಸಾಕು, ಅದು ಬೇರೆ ಮಾತು. ಆದರೂ ಕೂಗುವವನ ಕೈಯಲ್ಲಿ ಆ ರಾತ್ರಿ ಸಲಿಕೆ ಇದ್ದದ್ದು, ಹೊಟ್ಟೆಯಲ್ಲಿ ಸಾರಾಯಿ ಇದ್ದದ್ದು, ನಾಲ್ಕು ದಿನದಿಂದ ನಿದ್ದೆ ಇಲ್ಲದ್ದು, ಎದುರಿಗೆ ಹಳೇ ಹಗೆ ನಿಂತದ್ದು, ಇವೆಲ್ಲ ಕೂಡಿದವು. ಮೆದುಳಿನ ಗಾಯ ಒಂದೇ ಕೊಲೆ ಮಾಡಿತು ಅಂತ ಯಾವ ಪ್ರಾಮಾಣಿಕ ವೈದ್ಯನೂ ಹೇಳಲಾರ.

“ಅದು ನಮಗೂ ಬರತೈತೇನ್ರಿ ಸರ್?”

ಆ ವರ್ಷ ಪಾಠ ಮುಗಿದ ಮೇಲೆ ಒಬ್ಬ ಹುಡುಗಿ ಹಿಂದೆ ಉಳಿದಳು. ಗೆಳತಿಯರೆಲ್ಲ ಹೋಗುವ ತನಕ ಪುಸ್ತಕ ಜೋಡಿಸುವ ನೆಪ ಮಾಡುತ್ತಿದ್ದಳು. ಜೈಲಿಗೆ ಹೋದವನ ಮಗಳು ಅಂತ ನನಗೆ ಗೊತ್ತಿತ್ತು. ಬೋರ್ಡಿನ ಮೇಲೆ ಮೆದುಳಿನ ಚಿತ್ರ ಇನ್ನೂ ಇತ್ತು. ಅದರ ಮುಂಭಾಗವನ್ನೇ ನೋಡುತ್ತ ಕೇಳಿದಳು: “ಸರ್, ಅಪ್ಪಗ ಆಗಿದ್ದು ನಮಗೂ ಬರತೈತೇನ್ರಿ? ನನ್ನ ತಮ್ಮಗೂ ಭಾಳ ಸಿಟ್ಟು.” ಅವಳ ದನಿಯಲ್ಲಿ ಅಳು ಇರಲಿಲ್ಲ. ಬಹಳ ದಿನದಿಂದ ಲೆಕ್ಕ ಹಾಕಿ ಹಾಕಿ ಕೊನೆಗೆ ಕೇಳಿದ ಪ್ರಶ್ನೆ ಅದು. ಆಮೇಲೆ ಗೊತ್ತಾಯಿತು, ಓಣಿಯಲ್ಲಿ ಯಾರೋ ಅವಳ ತಮ್ಮನಿಗೆ “ರಕ್ತದಾಗ ಬಂದೈತಿ” ಅಂದಿದ್ದರು.

ಈ ಮಾತು ನಮ್ಮ ಸೀಮೆಗೆ ಹೊಸದಲ್ಲ. ಇಟಲಿಯ ವೈದ್ಯ ಚೆಸಾರೆ ಲೊಂಬ್ರೋಸೊ ಒಬ್ಬ ದರೋಡೆಕಾರನ ಬುರುಡೆಯ ಹಿಂಭಾಗದಲ್ಲಿ ಒಂದು ಗುಳಿ ಕಂಡು, ಅಪರಾಧಿಗಳು ಹುಟ್ಟುವಾಗಲೇ ಹಾಗೆ ಹುಟ್ಟಿರುತ್ತಾರೆ ಅನ್ನುವ ವಾದ ಕಟ್ಟಿದ. ಅವನ ಪುಸ್ತಕ ಬಂದದ್ದು 1876ರಲ್ಲಿ. ಅದಕ್ಕೂ ಮೊದಲೇ, 1871ರಲ್ಲಿ, ಬ್ರಿಟಿಷರು ಇಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿದ್ದರು. ಒಂದರಿಂದ ಇನ್ನೊಂದು ಹುಟ್ಟಲಿಲ್ಲ, ಎರಡೂ ಒಂದೇ ಕಾಲದ ನಂಬಿಕೆ. ಮುಂದೆ ಮುಂಬಯಿ ಪ್ರಾಂತ್ಯದಲ್ಲಿ ಬಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ಸೆಟ್ಲಮೆಂಟುಗಳು ಎದ್ದವು. ಇಂಥ ಜಾತಿಯಲ್ಲಿ ಹುಟ್ಟಿದ್ದೀರಿ ಅನ್ನುವ ಕಾರಣಕ್ಕೇ ಇಡೀ ಕುಟುಂಬಗಳನ್ನು ಅಲ್ಲಿಟ್ಟು ಹಾಜರಿ ಕೂಗುತ್ತಿದ್ದರು. ಊರು ಬಿಡಲು ಪರವಾನಗಿ ಬೇಕಿತ್ತು. ಆ ಕಾಯ್ದೆ ಹೋದದ್ದು 1952ರಲ್ಲಿ. ಹುಬ್ಬಳ್ಳಿಯಲ್ಲಿ ಸೆಟ್ಲಮೆಂಟ್ ಅನ್ನುವ ಹೆಸರು ಇವತ್ತಿಗೂ ಬಾಯಲ್ಲಿದೆ. ಮೆದುಳು, ರಕ್ತ, ಬುರುಡೆ ಅಂತ ಅಪರಾಧದ ಬಗ್ಗೆ ಮಾತಾಡುವ ಪ್ರತಿಯೊಬ್ಬನೂ ಮೊದಲು ಇದನ್ನು ನೆನೆಯಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ನಮ್ಮ ಜಿಲ್ಲೆಗಳ ಜನ ಈ ವಿಜ್ಞಾನದ ಕೆಟ್ಟ ರೂಪವನ್ನು ಮೈಮೇಲೆ ಅನುಭವಿಸಿದ್ದಾರೆ.

ಆ ಹುಡುಗಿಗೆ ನಾನು ಹೇಳಿದ್ದು ಇಷ್ಟು. ನಿಮ್ಮಪ್ಪನಿಗೆ ಆದದ್ದು ಗಾಯ. ಕೈ ಮುರಿದವನ ಮಕ್ಕಳು ಮುರಿದ ಕೈಯೊಂದಿಗೆ ಹುಟ್ಟುವುದಿಲ್ಲ. ಜೀನುಗಳ ಪಾತ್ರ ಇಲ್ಲವೇ ಇಲ್ಲ ಅಂತ ಹೇಳಲಿಲ್ಲ, ಅದು ಸುಳ್ಳಾಗುತ್ತಿತ್ತು. 1993ರಲ್ಲಿ ನೆದರ್‌ಲ್ಯಾಂಡ್ಸ್‌ನ ಒಂದು ಕುಟುಂಬದ ಗಂಡಸರಲ್ಲಿ ಎಂಎಒಎ ಅನ್ನುವ ಜೀನು ಪೂರ್ತಿ ಕೆಟ್ಟಿದ್ದು ಸಿಕ್ಕಿತು, ಅವರಲ್ಲಿ ಆವೇಶದ ಹಿಂಸೆ ಇತ್ತು. ಅದು ತೀರ ಅಪರೂಪದ ಸಂಗತಿ. ಅದಕ್ಕಿಂತ ನನಗೆ ಮುಖ್ಯ ಅನಿಸಿದ್ದು ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಹುಟ್ಟಿದಾಗಿನಿಂದ ನೋಡಿಕೊಂಡು ಬಂದ ಮಕ್ಕಳ ಅಧ್ಯಯನ, 2002ರದು. ಅದೇ ಜೀನಿನ ದುರ್ಬಲ ರೂಪ ಇದ್ದ ಗಂಡುಮಕ್ಕಳು ಚಿಕ್ಕಂದಿನಲ್ಲಿ ಹೊಡೆತ, ತಿರಸ್ಕಾರ ಕಂಡಿದ್ದರೆ ದೊಡ್ಡವರಾದ ಮೇಲೆ ಹಿಂಸೆಗೆ ಇಳಿಯುವುದು ಜಾಸ್ತಿ ಇತ್ತು. ಅದೇ ಜೀನು ಇದ್ದು ಮನೆಯಲ್ಲಿ ಪ್ರೀತಿಯಿಂದ ಬೆಳೆದವರಲ್ಲಿ ಹಾಗಿರಲಿಲ್ಲ. ಆಮೇಲಿನ ಅಧ್ಯಯನಗಳಲ್ಲಿ ಕೆಲವು ಇದನ್ನು ಒಪ್ಪಿದವು, ಕೆಲವು ಒಪ್ಪಲಿಲ್ಲ. “ನಿನ್ನ ತಮ್ಮಗ ಸಿಟ್ಟು ಬರೂದು ರಕ್ತದಿಂದ ಅಲ್ಲವ್ವಾ. ಎರಡು ವರ್ಷ ಆ ಮನ್ಯಾಗ ಅವ ಏನೇನು ನೋಡ್ಯಾನ, ಅದನ್ನ ಮೊದಲ ಯಾರರ ಕೇಳಬೇಕು” ಅಂದೆ. ಅವಳು ತಲೆಯಾಡಿಸಿದಳು. ಮಾರನೇ ವಾರ ತಮ್ಮನನ್ನೂ ಕರಕೊಂಡು ಬಂದಳು. ಅವನು ಬಂದು ಕೂತು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಹೋಗುವಾಗ ಅಪ್ಪನನ್ನು ಜೈಲಿನಲ್ಲಿ ನೋಡಲು ಏನು ಮಾಡಬೇಕು ಅಂತ ಕೇಳಿದ.

ಸತ್ತವನ ತಲೆ

ಇದನ್ನೆಲ್ಲ ತಲೆಯಲ್ಲಿ ತುಂಬಿಕೊಂಡು ಒಂದು ಸಂಜೆ ಸತ್ತವನ ಮನೆಗೂ ಹೋಗಿದ್ದೆ. ಅವನ ಹೆಂಡತಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಚಹಾ ಮಾಡಿಕೊಟ್ಟಳು. ಅಪಘಾತದ ವಿಷಯ ಬಂತು. ನಾನು ವಾದ ಮಾಡಲು ಹೋಗಿರಲಿಲ್ಲ, ಆದರೂ ಮಾತು ಅಲ್ಲಿಗೇ ಬಂತು. ಅವಳು ಮೊರ ಕೆಳಗಿಟ್ಟು ಹೇಳಿದಳು: “ಅವ್ನ ತಲಿಗೆ ಪೆಟ್ಟು ಬಿದ್ದಿತ್ತು ಅಂತೀರಿ. ನಮ್ಮವ್ರ ತಲಿಗೂ ಬಿತ್ತಲ್ರಿ ಸರ್. ಅದನ್ನ ಯಾರು ಓದತಾರ?” ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಇರಬೇಕಾದ್ದೂ ಅಲ್ಲ. ಯಾವ ವಿವರಣೆಯೂ ಆ ಹೆಣ್ಣುಮಗಳ ನಷ್ಟವನ್ನು ಒಂದು ಗುಂಜಿಯಷ್ಟೂ ಕಡಿಮೆ ಮಾಡುವುದಿಲ್ಲ. ಕೊಂದವನು ಕೊಂದದ್ದು ನಿಜ. ಅವನನ್ನು ಊರಿನಿಂದ ದೂರ ಇಡಲೇಬೇಕಿತ್ತು. ಅದರ ಬಗ್ಗೆ ನನಗೆ ಅನುಮಾನ ಇಲ್ಲ.

ಕೋರ್ಟಿನಲ್ಲಿ ಅವನ ತಲೆಯ ಪೆಟ್ಟಿನ ಮಾತು ಬರಲೇ ಇಲ್ಲ. ಬಂದಿದ್ದರೂ ಏನಾಗುತ್ತಿತ್ತು? ಹಳೆಯ ಐಪಿಸಿಯ 84ನೇ ಕಲಮು, ಈಗಿನ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮು, ಕೇಳುವುದು ಒಂದೇ ವಿಷಯ. ಕೃತ್ಯ ಮಾಡುವ ಹೊತ್ತಿಗೆ, ಬುದ್ಧಿ ಸ್ವಾಧೀನದಲ್ಲಿಲ್ಲದ ಕಾರಣಕ್ಕೆ, ತಾನು ಏನು ಮಾಡುತ್ತಿದ್ದೇನೆ ಅಥವಾ ಅದು ತಪ್ಪು ಅಂತ ತಿಳಿಯದ ಸ್ಥಿತಿ ಇತ್ತೇ? ಮೆದುಳಿನ ಮುಂಭಾಗ ಕೆಟ್ಟವನಿಗೆ ತಪ್ಪು ಅಂತ ಗೊತ್ತಿರುತ್ತದೆ. ಕೇಳಿದರೆ ಸರಿಯಾಗಿ ಹೇಳುತ್ತಾನೆ. ಆ ಗಳಿಗೆಯಲ್ಲಿ ತಡೆದುಕೊಳ್ಳಲು ಆಗುವುದಿಲ್ಲ ಅಷ್ಟೇ. ತಿಳಿಯುವುದಕ್ಕೂ ತಡೆಯುವುದಕ್ಕೂ ನಡುವೆ ಇರುವ ಈ ಕಂದಕಕ್ಕೆ ಆ ಕಲಮಿನಲ್ಲಿ ಜಾಗ ಇಲ್ಲ. ಕಾನೂನು ಹಾಗಿರುವುದರ ಭಯ ನನಗೆ ಅರ್ಥವಾಗುತ್ತದೆ. ತಡೆಯಲಾಗಲಿಲ್ಲ ಅಂತ ಹೇಳಲು ಯಾರಿಗಾದರೂ ಬರುತ್ತದೆ. ನಿಜವಾಗಿ ತಡೆಯಲಾಗದವನನ್ನೂ ಸುಮ್ನೆ ತಡೆಯದವನನ್ನೂ ಬೇರೆ ಮಾಡಿ ತೋರಿಸುವ ಸ್ಕ್ಯಾನ್ ಯಾವುದೂ ಇಲ್ಲ. ಎಷ್ಟೋ ಸಲ ಸಿಟಿ ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ಒಳಗೆ ನರತಂತುಗಳು ಹರಿದಿರುತ್ತವೆ. ಇನ್ನೆಷ್ಟೋ ಸಲ ಸ್ಕ್ಯಾನ್‌ನಲ್ಲಿ ದೊಡ್ಡ ಕಲೆ ಕಂಡರೂ ಮನುಷ್ಯ ಸೌಮ್ಯವಾಗಿರುತ್ತಾನೆ.

ಮೆದುಳಿನ ವಿಜ್ಞಾನವನ್ನು ಕೋರ್ಟಿಗೆ ಅವಸರದಲ್ಲಿ ಎಳೆದು ತಂದರೆ ಏನಾಗುತ್ತದೆ ಅನ್ನುವುದನ್ನು ನಾವು ಈಗಾಗಲೇ ನೋಡಿದ್ದೇವೆ. 2008ರಲ್ಲಿ ಪುಣೆಯ ಒಂದು ಕೋರ್ಟು ಆರೋಪಿಯ ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆಯನ್ನೂ ಸಾಕ್ಷಿಯಾಗಿ ಹಿಡಿದು ಕೊಲೆಯ ಶಿಕ್ಷೆ ಕೊಟ್ಟಿತು. ನೆನಪಿನಲ್ಲಿ ಅಪರಾಧ ಅಡಗಿದೆಯೇ ಅಂತ ಅಲೆಗಳಲ್ಲಿ ಓದಬಹುದು ಅನ್ನುವುದು ಆ ಪರೀಕ್ಷೆಯ ಹೇಳಿಕೆ. ಜಗತ್ತಿನ ಅನೇಕ ನರವಿಜ್ಞಾನಿಗಳು ಆಗಲೇ ಆತಂಕ ತೋಡಿಕೊಂಡರು. 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆ ಇಲ್ಲದೆ ಯಾರ ಮೇಲೂ ಮಂಪರು ಪರೀಕ್ಷೆಯಾಗಲಿ ಮೆದುಳಿನ ಪರೀಕ್ಷೆಯಾಗಲಿ ಮಾಡಬಾರದು ಅಂತ ಹೇಳಿತು. ನಮ್ಮ ರಾಜ್ಯದ ಪ್ರಕರಣದಿಂದ ಹುಟ್ಟಿದ ಈ ತೀರ್ಪು ನನಗೆ ಹೆಮ್ಮೆ ಅನಿಸುತ್ತದೆ.

ಕೊಲೆಗೆ ಮೊದಲಿನ ಎರಡು ವರ್ಷ

ಕೋರ್ಟಿನ ಕಟಕಟೆಗೆ ಬರುವ ಹೊತ್ತಿಗೆ ಮೆದುಳಿನ ಬಗ್ಗೆ ನಮಗಿರುವ ತಿಳಿವಳಿಕೆಯಿಂದ ಆಗುವ ಉಪಯೋಗ ಬಹಳ ಕಡಿಮೆ. ಅದು ಕೆಲಸಕ್ಕೆ ಬರುವುದು ಅದಕ್ಕೂ ಮೊದಲು. ತಟ್ಟೆ ಒಗೆದ ದಿನ, ಎತ್ತಿಗೆ ಬಡಿದ ದಿನ, ಹಾಲು ಹೊತ್ತಿದ ದಿನ. ಆ ಎರಡು ವರ್ಷಗಳಲ್ಲಿ ಆ ಮನೆಗೆ ಯಾರು ಬೇಕಾದರೂ ಹೋಗಬಹುದಿತ್ತು. ಪೂಜಾರಿ ಹೋದ, ಪಂಚರು ಹೋದರು. ವೈದ್ಯ ಮಾತ್ರ ಹೋಗಲಿಲ್ಲ. ಮೆದುಳಿನ ಗಾಯದ ನಂತರದ ಸಿಟ್ಟಿಗೆ ಚಿಕಿತ್ಸೆ ಇದೆ, ಅದೂ ದುಬಾರಿಯಲ್ಲ. ಬಿಪಿಗೆ ಕೊಡುವ ಪ್ರೊಪ್ರನೊಲಾಲ್‌ನಂಥ ಹಳೆಯ ಮಾತ್ರೆಗಳು ಇಂಥ ಕೆಲವು ರೋಗಿಗಳಲ್ಲಿ ಆವೇಶ ತಗ್ಗಿಸಿವೆ. ಆಸ್ತಮಾ ಇದ್ದವರಿಗೆ ಅದೇ ಮಾತ್ರೆ ಅಪಾಯ, ಹಾಗಾಗಿ ವೈದ್ಯರೇ ನೋಡಿ ಕೊಡಬೇಕು. ನಿದ್ದೆ ಸರಿ ಮಾಡುವುದು, ಕುಡಿತ ಪೂರ್ತಿ ಬಿಡಿಸುವುದು, ಗದ್ದಲದಿಂದ ದೂರ ಇಡುವುದು, ಇವು ಮಾತ್ರೆಯಷ್ಟೇ ಮುಖ್ಯ. ಗಾಯಗೊಂಡ ಮೆದುಳಿಗೆ ಸ್ವಲ್ಪ ಸಾರಾಯಿಯೂ ಜಾಸ್ತಿಯೇ.

ಮೈಯನ್ನು ನೋಡಿಕೊಂಡರೆ ನಡತೆಯೂ ಸ್ವಲ್ಪ ಬದಲಾಗುತ್ತದೆ ಅನ್ನುವುದಕ್ಕೆ ಜೈಲಿನಿಂದಲೇ ಒಂದು ಸಾಕ್ಷಿ ಇದೆ. 2002ರಲ್ಲಿ ಬರ್ನಾರ್ಡ್ ಗೆಶ್ ಅನ್ನುವವರು ಇಂಗ್ಲೆಂಡಿನ ಏಲ್ಸ್‌ಬರಿ ಜೈಲಿನ 231 ಎಳೆಯ ಕೈದಿಗಳ ಮೇಲಿನ ಪ್ರಯೋಗ ಪ್ರಕಟಿಸಿದರು. ಅರ್ಧ ಜನಕ್ಕೆ ವಿಟಮಿನ್, ಖನಿಜ, ಕೊಬ್ಬಿನಾಮ್ಲದ ಗುಳಿಗೆ. ಉಳಿದವರಿಗೆ ಹಾಗೇ ಕಾಣುವ ಖಾಲಿ ಗುಳಿಗೆ. ನಿಜವಾದ ಗುಳಿಗೆ ತಿಂದವರು ಜೈಲಿನ ನಿಯಮ ಮುರಿಯುವುದು ಸುಮಾರು ಶೇಕಡಾ 26ರಷ್ಟು ಕಡಿಮೆಯಾಯಿತು. ಎಲ್ಲ ಅಪರಾಧಕ್ಕೂ ಗುಳಿಗೆಯೇ ಮದ್ದು ಅಂತ ಇದರ ಅರ್ಥ ಅಲ್ಲ. ಆದರೆ ರಕ್ತಹೀನತೆಯ ಮಕ್ಕಳು ತುಂಬಿದ ಊರಿನಲ್ಲಿ ಪಾಠ ಮಾಡುವ ನನಗೆ ಈ ಅಧ್ಯಯನವನ್ನು ಓದಿ ಪಕ್ಕಕ್ಕಿಡಲು ಆಗಲಿಲ್ಲ.

ಹೆಲ್ಮೆಟ್ ಬಗ್ಗೆ ಏನು ಹೇಳಿದರೂ ಹುಡುಗರು ಕಿವಿ ಮುಚ್ಚಿಕೊಳ್ಳುತ್ತಾರೆ. ಹೆಲ್ಮೆಟ್ ತಲೆಗಾಯದ ಸಂಭವವನ್ನು ಸುಮಾರು ಶೇಕಡಾ 69ರಷ್ಟು ಕಡಿಮೆ ಮಾಡುತ್ತದೆ ಅಂತ ಬಹಳ ಅಧ್ಯಯನಗಳನ್ನು ಒಟ್ಟು ಹಾಕಿ ಲೆಕ್ಕ ತೆಗೆದಿದ್ದಾರೆ. ನಾನು ಈಗ ಕ್ಲಾಸಿನಲ್ಲಿ ಸಾವಿನ ಮಾತು ಎತ್ತುವುದಿಲ್ಲ. ಬದುಕಿ ಬಂದು ನಿಮ್ಮವ್ವನ ಮೇಲೆ ಕೈ ಎತ್ತುವ ಮನುಷ್ಯನಾದರೆ ಏನು ಮಾಡುತ್ತೀರಿ ಅಂತ ಕೇಳುತ್ತೇನೆ. ಆಗ ಕ್ಲಾಸು ಕೇಳುತ್ತದೆ. ಟ್ರೇಲರುಗಳ ಹಿಂದೆ ರೇಡಿಯಂ ಪಟ್ಟಿ ಅಂಟಿಸುವ ಕೆಲಸವನ್ನು ಹಂಗಾಮು ಶುರುವಾಗುವ ಹೊತ್ತಿಗೆ ನಮ್ಮ ವಿದ್ಯಾರ್ಥಿಗಳೇ ಮಾಡುತ್ತಾರೆ. ಕಬ್ಬಿನ ಗ್ಯಾಂಗಿನವರು ಬೇಡ ಅನ್ನುವುದಿಲ್ಲ, ಚಹಾ ಕುಡಿಸಿ ಕಳಿಸುತ್ತಾರೆ.

ಕಳೆದ ಹಂಗಾಮಿನಲ್ಲಿ ಪಕ್ಕದ ಊರಿನ ಒಬ್ಬ ಹುಡುಗ ಇದೇ ರಸ್ತೆಯಲ್ಲಿ ಬಿದ್ದ. ಅವನ ಹೆಂಡತಿ ನಮ್ಮ ಹಳೆಯ ವಿದ್ಯಾರ್ಥಿನಿ. ಮನೆಗೆ ಬಂದ ಸ್ವಲ್ಪ ದಿನಕ್ಕೇ ಫೋನ್ ಮಾಡಿದಳು. ಸಾರಿನ ಒಗ್ಗರಣೆ ವಾಸನೆ ಬರುತ್ತಿಲ್ಲ ಅನ್ನುತ್ತಾನೆ, ಸಣ್ಣದಕ್ಕೂ ಎಗರಿ ಬೀಳುತ್ತಾನೆ, ಕೇಳಿದರೆ ನನಗೇನೂ ಆಗಿಲ್ಲ ಅನ್ನುತ್ತಾನೆ. ತನಗೇನೂ ಆಗಿಲ್ಲ ಅನ್ನುವುದೂ ಈ ಗಾಯದ ಲಕ್ಷಣ ಇರಬಹುದು ಅಂತ ಹೇಳಿದೆ. ಮೊದಲು 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ಗೆ, ಫೋನ್ ಮಾಡಿದರು. ತಾಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ ಹೋದರು. ಅಲ್ಲಿಂದ ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್‌ಗೆ ಬರೆದುಕೊಟ್ಟರು. ಅವನು ಬರಲು ಒಪ್ಪಲಿಲ್ಲ. ಕೊನೆಗೆ ಅವನ ಸೋದರಮಾವ ಎಮ್ಮೆ ಕೊಳ್ಳಲು ಹೋಗೋಣ ಅಂತ ಹೇಳಿ ಗಾಡಿ ಹತ್ತಿಸಿದ. ಹೀಗೆ ಸುಳ್ಳು ಹೇಳಿ ಒಯ್ಯುವುದು ನನಗೆ ಇಷ್ಟವಾಗಲಿಲ್ಲ, ಆದರೆ ಆ ಮನೆಯವರಿಗೆ ಬೇರೆ ದಾರಿ ತೋಚಿರಲಿಲ್ಲ.

ಈಗ ಮಾತ್ರೆ ತಗೊಳ್ಳುತ್ತಿದ್ದಾನೆ. ರಾತ್ರಿ ನಿದ್ದೆ ಬರುತ್ತದಂತೆ. ಕೂಗಾಟ ನಿಂತಿಲ್ಲ, ತಟ್ಟೆ ಒಗೆಯುವುದು ನಿಂತಿದೆ. ವಾಸನೆ ಇನ್ನೂ ಬಂದಿಲ್ಲ, ಬರುತ್ತದೋ ಇಲ್ಲವೋ ವೈದ್ಯರೂ ಹೇಳಿಲ್ಲ. ಕಬ್ಬು ಕಡಿಯಲು ಹೋಗುತ್ತೇನೆ ಅಂತ ಹಟ ಮಾಡುತ್ತಿದ್ದಾನೆ. ಗ್ಯಾಂಗಿನವರು ಸದ್ಯ ಕೊಯ್ತ ಕೊಡದೆ ಸೂಡು ಕಟ್ಟುವ ಕೆಲಸಕ್ಕೆ ಹಚ್ಚಿದ್ದಾರೆ. ಮುಂದಿನ ತಿಂಗಳು ಮತ್ತೆ ಧಾರವಾಡಕ್ಕೆ ಹೋಗಬೇಕು, ಬಸ್ಸಿನ ಖರ್ಚಿಗೆ ಅವನ ಹೆಂಡತಿ ಸಂಘದಲ್ಲಿ ಸಾಲ ಕೇಳಿದ್ದಾಳೆ.